ಗಂಡಿಗೆ ನಂಬರಿಲ್ಲ

ತಳಿ ಕೋಣೆಯ ಬಾಗಿಲಿಗೆ ಅಂಟಿಸಿದ್ದ ಹೊಸ ಚೀಟಿಯನ್ನು ಮಾಯಮ್ಮ ಎರಡು ಸಲ ಓದಿದಳು. ಮೊದಲ ಸಲ ಅಕ್ಷರ ಕೂಡಿಸಿಕೊಂಡು, ಎರಡನೆಯ ಸಲ ಕೂಡಿಸಿದ್ದು ಸರಿಯೇ ಎಂದು ನೋಡಿಕೊಳ್ಳಲು. ಸರಿಯಾಗಿಯೇ ಕೂಡಿಸಿದ್ದಳು. ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು, ಕೆಳಗೆ ದಪ್ಪ ಕನ್ನಡದಲ್ಲಿ ‘ಬಂಜೆ’ ಎಂದಿತ್ತು.

ಅವಳ ಕೈಯಲ್ಲಿ ಬಿದಿರಿನ ತಟ್ಟೆ, ತಟ್ಟೆಯ ತುಂಬ ಆ ಬೆಳಿಗ್ಗೆ ಗೂಡು ಬಿಟ್ಟು ಹೊರಬಂದ ರೇಷ್ಮೆ ಚಿಟ್ಟೆಗಳು. ಹೆಣ್ಣುಗಳು ಹೊಟ್ಟೆಯ ಭಾರಕ್ಕೆ ಅಲುಗಾಡದೆ ಕೂತಿದ್ದವು. ಗಂಡುಗಳು ಪಟಪಟನೆ ರೆಕ್ಕೆ ಬಡಿಯುತ್ತ ಇದ್ದಲ್ಲೇ ಸುತ್ತು ಹೊಡೆಯುತ್ತಿದ್ದವು.

“ಅದೇನು ಮಾಯಕ್ಕ, ಬಾಗ್ಲಲ್ಲೇ ನಿಂತ್ಬುಟ್ರಿ? ಬಿಸಿಲೇರಿದ್ರೆ ಇವು ಜೋಡಿ ಆಗಾಕಿಲ್ಲ,” ಎಂದಳು ಹಿಂದಿನಿಂದ ಬದ್ರುನ್ನೀಸಾ. ಅವಳ ಕೈಯಲ್ಲೂ ಒಂದು ತಟ್ಟೆ ಇತ್ತು.

“ಇದ ಬರೆದೋರು ಯಾರು?”

“ಇನ್ಯಾರು, ನಿಮ್ ಭಾನು ಮೇಡಮ್ಮು. ನಿನ್ನೆ ಸಂಜೆ ಅಂಟಿಸ್ತಿದ್ರು. ನಂಗೆ ಕನ್ನಡ ಓದೋಕೆ ಬರಲ್ಲ. ಏನಂತ ಐತೆ?”

ಮಾಯಮ್ಮ ಹೇಳಿದಳು. ಬದ್ರುನ್ನೀಸಾ ನಕ್ಕಳು. ನಕ್ಕವಳು ಮಾಯಮ್ಮನ ಮುಖ ನೋಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು.

ಚನ್ನಪಟ್ಟಣದಿಂದ ಹೊಂಗನೂರಿಗೆ ಹೋಗುವ ದಾರಿಯಲ್ಲಿ, ಹಿಪ್ಪುನೇರಳೆ ತೋಟದ ನಡುವೆ ಇದ್ದ ಆ ಹೆಂಚಿನ ಕಟ್ಟಡವನ್ನು ಸುತ್ತಲಿನವರು ಕೋಠಿ ಎಂದೇ ಕರೆಯುತ್ತಿದ್ದರು. ಮುಂದಿನ ಹಜಾರದಲ್ಲಿ ರೈತರಿಗೆ ಕೊಡುವ ರೇಷ್ಮೆ ಮೊಟ್ಟೆ ತಯಾರಾಗುತ್ತಿತ್ತು. ಹಿಂದಿನ ಮೂರು ಕೋಣೆಗಳಲ್ಲಿ ವಿಜ್ಞಾನಿಗಳು ಹಳೆಯ ತಳಿಗಳನ್ನು ಬೇರೆಬೇರೆಯಾಗಿ ಕಾಪಾಡಿ ಪರೀಕ್ಷೆ ಮಾಡುತ್ತಿದ್ದರು. ಮಾಯಮ್ಮ ಅಲ್ಲಿಗೆ ಬಂದು ಹದಿನೆಂಟು ವರ್ಷವಾಗಿತ್ತು. ಅವಳು ಬಂದಾಗ ಇಪ್ಪತ್ತೆರಡು ಜನ ಹೆಂಗಸರು ಚಿಟ್ಟೆ ಕೆಲಸಕ್ಕಿದ್ದರು. ಬಿಡದಿಯ ಕಡೆ ಕಾರ್ಖಾನೆಗಳೆದ್ದು, ಬಟ್ಟೆ ಹೊಲಿಯುವ ಫ್ಯಾಕ್ಟರಿಗಳ ಬಸ್ಸು ಊರೂರಿಗೆ ಬರತೊಡಗಿದ ಮೇಲೆ ಎಳೆಯರೆಲ್ಲ ಆ ಬಸ್ಸು ಹತ್ತಿದರು. ಉಳಿದದ್ದು ಒಂಬತ್ತು ಜನ. ಹೋದ ವರ್ಷದಿಂದ ಈ ಒಂಬತ್ತು ಜನವೂ ಕಂಟ್ರಾಕ್ಟರನ ಕೈಕೆಳಗೆ. ಅವನು ನಾಳೆ ಬರಬೇಡ ಎಂದರೆ ನಾಳೆ ಬರುವಂತಿಲ್ಲ.

ಕೆಲಸ ಮಾತ್ರ ಬದಲಾಗಿರಲಿಲ್ಲ. ಬೆಳಿಗ್ಗೆ ಒಂದೊಂದು ಹೆಣ್ಣಿಗೆ ಒಂದೊಂದು ಗಂಡು ಕೂಡಿಸುವುದು. ಮಧ್ಯಾಹ್ನ ಜೋಡಿ ಬಿಡಿಸುವುದು. ಹೆಣ್ಣನ್ನು ಹಾಳೆಯ ಮೇಲಿಟ್ಟು ಕಪ್ಪು ಬಟ್ಟಲು ಮುಚ್ಚುವುದು. ಮೊಟ್ಟೆ ಇಟ್ಟಾದ ಮೇಲೆ ತಾಯಿಯನ್ನು ಅರೆದು, ಗಂಟುರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆ ರೋಗ ತಾಯಿಯಿಂದ ಮರಿಗೆ ಬರುವಂಥದ್ದು. ಅದಕ್ಕೇ ಪ್ರತಿ ತಾಯಿಗೂ ನಂಬರಿರುತ್ತದೆ, ಹಾಳೆಗೂ ಅದೇ ನಂಬರು.

ಹತ್ತು ಗಂಟೆಗೆ ಭಾನುಪ್ರಿಯ ಬಂದಳು. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯ ಹುಡುಗಿ, ಮೊಟ್ಟೆಗೆಂದೇ ಬಿತ್ತನೆ ಗೂಡು ಬೆಳೆಯುವ ಮನೆಯವಳು, ಈಗ ಡಾಕ್ಟರೇಟಿಗೆ ಓದುತ್ತಿದ್ದಳು. ಮಾಯಮ್ಮ ಜೋಡಿಗಳ ತಟ್ಟೆಯಿಂದ ಕಣ್ಣೆತ್ತದೆ ಕೇಳಿದಳು.

“ಬಾಗ್ಲಿಗೆ ಅದೇನವ್ವ ಬರ್ದಿದ್ದೀಯ?”

“ಅದಾ ಮಾಯಕ್ಕ? ನಮ್ಮ ಜೀನಿಗೆ ಹೆಸರು ಸಿಕ್ತು.” ಭಾನುಪ್ರಿಯ ಸ್ಟೂಲು ಎಳೆದು ಪಕ್ಕದಲ್ಲೇ ಕೂತಳು. “ಈ ತಳೀಲಿ ನಾಲ್ಕರಲ್ಲಿ ಒಂದು ಹಾಳೆ ಪೂರಾ ಸಾಯತ್ತಲ್ಲ, ಅದಕ್ಕೆ ಕಾರಣ ಒಂದು ಜೀನು ಕೆಟ್ಟಿರೋದು. ಮೊಟ್ಟೆ ಅಂದ್ರೆ ಮೊದಲು ಒಂದೇ ಒಂದು ಜೀವಕೋಶ. ಅದು ಎರಡಾಗಬೇಕು, ಎರಡು ನಾಲ್ಕಾಗಬೇಕು, ಹಂಗೇ ಸಾವಿರ ಆಗಿ ಹುಳ ಆಗೋದು. ಎರಡಾಗೋಕೆ ಮುಂಚೆ ಒಳಗೆ ಆ ತುದೀಲೊಂದು ಈ ತುದೀಲೊಂದು ಗೂಟ ನಿಂತ್ಕೊಳತ್ತೆ. ಗೂಟದಿಂದ ಎಳೆ ಬರತ್ತೆ. ಆ ಎಳೆಗಳು ಒಳಗಿರೋದನ್ನ ಅತ್ತ ಅರ್ಧ ಇತ್ತ ಅರ್ಧ ಸಮನಾಗಿ ಎಳ್ಕೊಳತ್ವೆ. ಸತ್ತ ಮೊಟ್ಟೇಲಿ ಗೂಟಾನೇ ನಿಂತಿರಲ್ಲ. ಒಂದು ಒಂದಾಗೇ ಉಳ್ದು ಬತ್ತೋಗತ್ತೆ.”

“ಆ ಜೀನು ನೆಟ್ಟಗಿದ್ರೆ ಗೂಟ ನಿಲ್ಲಿಸೋದು ಅದೇಯಾ?”

“ಹೂಂ.”

“ಹುಳ ಆಯ್ತದೆ.”

“ಆಗತ್ತೆ.”

“ಅಂಗಾರೆ ಹುಳ ಹುಟ್ಟಿಸೋದಕ್ಕೇ ಬಂಜೆ ಅಂತ ಹೆಸ್ರು ಇಕ್ಕಿದ್ದೀರಿ.”

ಭಾನುಪ್ರಿಯ ಪೆನ್ನಿನ ಮುಚ್ಚಳ ಕಚ್ಚಿದಳು. “ಪದ್ಧತಿ ಹಂಗೇ ಮಾಯಕ್ಕ. ಕೆಟ್ಟಾಗ ಏನಾಗತ್ತೋ ಅದೇ ಹೆಸರು. ಒಂದು ನೊಣದ ಕೆಂಪು ಕಣ್ಣು ಬೆಳ್ಳಗಾಯ್ತು ಅಂತ ಆ ಜೀನಿಗೆ ಬಿಳಿ ಅಂತಿಟ್ರು. ಕಣ್ಣು ಕೆಂಪು ಮಾಡೋದು ಅದೇನೇ, ಹೆಸರು ಮಾತ್ರ ಬಿಳಿ. ಒಂದ್ಸಲ ಅಚ್ಚಾದ್ರೆ ಮುಗೀತು. ಎಲ್ಲಾ ದೇಶದೋರೂ ಹಂಗೇ ಕರೀತಾರೆ.”

“ಅಚ್ಚಾಗೋದು ಯಾವಾಗ?”

“ಮುಂದಿನ ವಾರ ಬಿಟ್ಟು ಆಚೆ ಶುಕ್ರವಾರ ವಿಜ್ಞಾನ ಪತ್ರಿಕೆಗೆ ಕಳಿಸ್ತೀವಿ.”

ಮಾಯಮ್ಮ ಒಂದು ಗಂಡನ್ನು ಎತ್ತಿ ಹೆಣ್ಣಿನ ಪಕ್ಕ ಬಿಟ್ಟಳು. ಅದು ರೆಕ್ಕೆ ಬಡಿಯುತ್ತ ಅರ್ಧ ಸುತ್ತು ಬಂದು ಕೂಡಿಕೊಂಡಿತು. “ಗೂಟ ಎಲ್ಲಿಂದ ಬತ್ತದೆ?” ಎಂದು ಕೇಳಿದಳು.

“ಮೊಟ್ಟೇಲೇ ಇರತ್ತೆ ಅನ್ಕೊಂಡಿದೀವಿ,” ಎಂದಳು ಭಾನುಪ್ರಿಯ. ಹೇಳಿದವಳು ಮತ್ತೆ ಪೆನ್ನಿನ ಮುಚ್ಚಳ ಕಚ್ಚುತ್ತ ಎದ್ದು ಹೋದಳು.

ಊಟದ ಹೊತ್ತಿಗೆ ಮಾಯಮ್ಮ ನಟರಾಜು ಅವರ ಕೋಣೆಗೆ ಹೋದಳು. ನಟರಾಜು ಕನಕಪುರದಾಚೆ ಕೋಡಿಹಳ್ಳಿ ಕಡೆಯ ರೈತರ ಮಗ. ವಿಜ್ಞಾನಿಯಾದರೂ ಕೆಲಸದವರ ಜೊತೆ ಊರ ಮಾತೇ ಆಡುತ್ತಿದ್ದವರು, ಹಬ್ಬಕ್ಕೆ ಎಲ್ಲರಿಗೂ ಬಾಳೆಹಣ್ಣು ತರಿಸುತ್ತಿದ್ದವರು. ಅವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

“ಆ ಹೆಸ್ರು ಬ್ಯಾಡ ಸಾ,” ಎಂದಳು, ಬಾಗಿಲಲ್ಲೇ ನಿಂತು.

ನಟರಾಜು ಡಬ್ಬಿಯ ಮುದ್ದೆ ಮುರಿಯುತ್ತಿದ್ದವರು ತಲೆಯೆತ್ತಿದರು. “ಯಾಕೆ ಮಾಯಮ್ಮ? ಜಪಾನಿನೋರು ಜಪಾನಿ ಹೆಸ್ರು ಇಡ್ತಾರೆ, ಇಂಗ್ಲಿಷ್‌ನೋರು ಇಂಗ್ಲಿಷ್ ಇಡ್ತಾರೆ. ನಾವೊಂದು ಕನ್ನಡದ್ದು ಇಡೋಣ ಅಂತ ನಾನೇ ಹುಡುಕಿ ಇಟ್ಟೆ. ಲೋಕದಲ್ಲಿರೋ ದೊಡ್ಡದೊಡ್ಡೋರೆಲ್ಲ ನಮ್ಮ ಮಾತನ್ನ ಬಾಯಾಗೆ ಅನ್ನಬೇಕು.”

“ಅನ್ನಬೇಕಾದ್ರೆ ಬೇರೆ ಮಾತಿಲ್ವ ಸಾ?”

ಅವರು ಕೈ ತೊಳೆದುಕೊಂಡರು. ದನಿ ಸಣ್ಣದು ಮಾಡಿದರು. “ನಿಂಗೆ ಬೇಜಾರಾಗೈತೆ. ನಂಗೊಸಿ ಮುಂಚೇನೇ ಹೊಳೀಬೇಕಿತ್ತು. ಅದು ನಿನ್ನ ಅಂದದ್ದಲ್ಲ ಕಣಮ್ಮ, ಹುಳಾನ ಅಂದದ್ದು.”

“ನನ್ನ ಇಸ್ಯ ಬುಟ್ಬುಡಿ. ನಾನು ಬಂಜೇನೇ ಇರ್ಬೋದು. ನನ್ನ ಯಾರೂ ಪರೀಕ್ಷೆ ಮಾಡ್ನಿಲ್ಲ, ಸುಮ್ಕೆ ಅಂದ್ರು. ನೀವು ಪರೀಕ್ಷೆ ಮಾಡೋರು. ಗಂಡು ನೋಡಿದ್ರಾ?”

“ಗಂಡು?”

“ಹಾಳೆ ಸತ್ತಾಗ ತಾಯಿ ನಂಬ್ರ ಬರ್ಕತೀರಿ. ಅದ್ರ ಜೊತೇಲಿದ್ದ ಗಂಡು ಯಾವ್ದು ಅಂತ ಎಲ್ಲಾದ್ರೂ ಬರ್ದಿದ್ದೀರಾ?”

“ಗಂಡಿಗೆಲ್ಲಿ ನಂಬರು,” ಎಂದು ನಟರಾಜು ನಕ್ಕರು. “ಈ ಕೋಣೇಲಿ ಗಂಡು ಒಂದೇ ಸಲಕ್ಕೆ. ಮಧ್ಯಾಹ್ನ ಬಿಡಿಸಿ ಎಸೀತೀವಿ, ನೀನೇ ಎಸೀತೀಯ. ಮೊಟ್ಟೆ ಇಡೋದು ಹೆಣ್ಣಲ್ವ?”

ಮಾಯಮ್ಮ ತನ್ನ ತಟ್ಟೆಗಳ ಕಡೆಗೆ ಹಿಂದಿರುಗಿದಳು.

ಹೇಳಬೇಕೆಂದರೆ ಅವಳಲ್ಲಿ ಮಾತಿತ್ತು. ಮುಂದಿನ ಹಜಾರದಲ್ಲಿ ರೈತರ ಮೊಟ್ಟೆ ಮಾಡುವಾಗ ಗಂಡುಗಳನ್ನು ಎಸೆಯುವುದಿಲ್ಲ. ತಣ್ಣಗಿನ ಕೋಣೆಯಲ್ಲಿಟ್ಟು ಮಾರನೆಯ ದಿನ ಇನ್ನೊಂದು ಹೆಣ್ಣಿಗೆ ಕೂಡಿಸುತ್ತಾರೆ. ಅಲ್ಲಿ ಹನ್ನೆರಡು ವರ್ಷ ಕೂತವಳಿಗೆ ಒಂದು ಗೊತ್ತಿತ್ತು. ಇವತ್ತು ಯಾವ ಬುಟ್ಟಿಯ ಗಂಡಿನಿಂದ ಹಾಳೆ ಕೆಟ್ಟಿತೋ, ನಾಳೆ ಆ ಬುಟ್ಟಿಯಿಂದಲೇ ಇನ್ನೊಂದು ಹಾಳೆ ಕೆಡುತ್ತಿತ್ತು. ಹೆಂಗಸರು ‘ಆ ಬುಟ್ಟಿ ಸರಿಯಿಲ್ಲ’ ಎನ್ನುತ್ತಿದ್ದರು, ಬುಟ್ಟಿ ತೊಳೆದು ಒಣಗಿಸುತ್ತಿದ್ದರು. ಬುಟ್ಟಿಯಲ್ಲಿದ್ದುದನ್ನು ಯಾರೂ ಅನುಮಾನಿಸಿರಲಿಲ್ಲ. ಇದನ್ನು ನಟರಾಜು ಅವರಿಗೆ ಹೇಳಿದ್ದರೆ ಅವರು ಕೇಳಿಸಿಕೊಳ್ಳುತ್ತಿದ್ದರು, ಮತ್ತೆ ನಗುತ್ತಿದ್ದರು. ಹಾಳೆ ಮೇಜಿನ ಮೇಲೆ ಬೀಳದೆ ಅವರು ನಂಬುವವರಲ್ಲ. ಅದು ಅವರ ಒಳ್ಳೆಯ ಗುಣವೂ ಹೌದು.

ಹೆಸರಿನ ವಿಷಯದಲ್ಲಿ ಸುಮ್ಮನಿರುವುದು ಅವಳಿಗೆ ಹೊಸದಲ್ಲ. ತಮ್ಮನ ಮೊದಲ ಮಗುವಿಗೆ ಹೆಸರಿಡುವ ದಿನ, ಸೋದರತ್ತೆಯಾದ ಅವಳೇ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಿತ್ತು. ಆಗ ಅವಳು ಗಂಡನ ಮನೆ ಬಿಟ್ಟು ಬಂದು ಎರಡು ವರ್ಷ. ಅವನು ಬೇರೆ ಮದುವೆಯಾಗಿದ್ದ, ಅವನಿಗೆ ಮಗುವೂ ಆಗಿತ್ತು. ತೊಟ್ಟಿಲ ಹತ್ತಿರ ಹೋದವಳನ್ನು ತಾಯಿಯೇ ರಟ್ಟೆ ಹಿಡಿದು, “ನೀ ಒಸಿ ಒಲೆ ನೋಡವ್ವ” ಎಂದು ಅಡುಗೆಮನೆಗೆ ಕಳಿಸಿದ್ದಳು. ಹೆಸರು ಹೇಳಿದ್ದು ಪಕ್ಕದ ಮನೆಯವಳು. ಮಾಯಮ್ಮ ಒಲೆ ನೋಡಿದಳು, ಪಾಯಸ ತಳ ಹಿಡಿಯದಂತೆ ತಿರುವಿದಳು. ಅಂದು ಸುಮ್ಮನಿದ್ದದ್ದರಿಂದ ಯಾರಿಗೇನು ಒಳ್ಳೆಯದಾಯಿತು ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದಳು. ನಲವತ್ತರ ಹತ್ತಿರ ಊರ ಶಾಲೆಯ ರಾತ್ರಿ ತರಗತಿಗೆ ಸೇರಿ, ಪಾಠ ಹೇಳುವ ಹುಡುಗ ಹೆಸರು ಬರೆಯಲು ಹೇಳಿದಾಗ, ‘ಮಾಯಮ್ಮ’ ಎಂದು ಬರೆದು ಅದರ ಮುಂದೆ ಯಾರ ಮಗಳೆಂದೂ ಯಾರ ಹೆಂಡತಿಯೆಂದೂ ಬರೆಯದೆ ಸ್ಲೇಟು ತಿರುಗಿಸಿ ತೋರಿಸಿದ್ದಳು.

ಆ ಮಧ್ಯಾಹ್ನ ಜೋಡಿ ಬಿಡಿಸುವಾಗ ಅವಳು ಮೂವತ್ತು ಗಂಡುಗಳನ್ನು ಎಸೆಯಲಿಲ್ಲ.

“ಬದ್ರು, ನಿನ್ನ ಅಣ್ಣನ ಬೀಡಿ ಅಂಗಡೀಲಿ ಖಾಲಿ ಬೆಂಕಿಪೊಟ್ಟಣ ಸಿಕ್ತದಾ?” ಎಂದು ಅವಳು ನಟರಾಜು ಅವರ ಕೋಣೆಯಿಂದ ಬಂದವಳೇ ಕೇಳಿ ತರಿಸಿಕೊಂಡಿದ್ದಳು. ಒಂದೊಂದು ಪೊಟ್ಟಣಕ್ಕೆ ಸೂಜಿಯಿಂದ ತೂತು ಹಾಕಿ, ಮೇಲೆ ಒಂದರಿಂದ ಮೂವತ್ತರವರೆಗೆ ನಂಬರು ಬರೆದು, ಒಂದೊಂದು ಗಂಡನ್ನು ಒಳಗೆ ಮಲಗಿಸಿದಳು. ಆ ಗಂಡಿನ ಜೊತೆಗಿದ್ದ ತಾಯಿಯ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಅದೇ ನಂಬರು. ಪೊಟ್ಟಣಗಳನ್ನೆಲ್ಲ ನೀರಿನ ಮಡಕೆಯ ಸುತ್ತ ತಂಪಿಗೆ ಜೋಡಿಸಿ, ಮೇಲೆ ಒದ್ದೆ ಗೋಣಿ ಹೊದಿಸಿದಳು.

ಬದ್ರುನ್ನೀಸಾ ಬಗ್ಗಿ ಗೋಣಿ ಎತ್ತಿ ನೋಡಿದಳು. “ದುಲ್ಹಾ ಸಾಹೇಬ್ರೆಲ್ಲ ಪಲ್ಲಕ್ಕೀಲಿ ಮಲಗವ್ರೆ. ನಾಳೆ ಇವ್ರಿಗೆ ಎರಡ್ನೇ ಮದ್ವೆ?”

“ಹೂಂ. ಎರಡ್ನೇದು.”

“ಮೊದಲ್ನೇದ್ರಲ್ಲಿ ಏನ್ ಕೊರತೆ ಅಂತ ಇವ್ರನ್ನೂ ಯಾರೂ ಕೇಳಲ್ಲ, ಅಲ್ವಾ ಮಾಯಕ್ಕ?”

“ಅದ್ಕೇ ಕೇಳ್ತಾ ಇವ್ನಿ.”

ಬದ್ರುನ್ನೀಸಾ ನಗುವುದನ್ನು ಬಿಟ್ಟು ಗೋಣಿ ಸರಿಯಾಗಿ ಮುಚ್ಚಿದಳು. “ಆಫೀಸ್ನಲ್ಲಿ ಗೊತ್ತಾದ್ರೆ ಕಂಟ್ರಾಕ್ಟ್ರು ಒಂದಿನಾನೂ ಇಟ್ಕೊಳಲ್ಲ ನಿಮ್ಮನ್ನ. ತಳಿ ಕೋಣೇಲಿ ಗಂಡು ಉಳ್ಸೋ ಹಂಗೇ ಇಲ್ಲ.”

“ಗೊತ್ತು.”

“ಗೊತ್ತಿದ್ದೂ ಮಾಡ್ತೀರಲ್ಲ.”

“ಗೊತ್ತಿಲ್ದೆ ಮಾಡಿದ್ರೆ ಯಾರು ನಂಬ್ತಾರೆ ಬದ್ರು?”

ಮಾರನೆಯ ದಿನ ಹೊಸದಾಗಿ ಹೊರಬಂದ ಮೂವತ್ತು ಹೆಣ್ಣುಗಳಿಗೆ ಪೊಟ್ಟಣದ ಗಂಡುಗಳನ್ನೇ ಕೂಡಿಸಿದಳು. ಹಾಳೆಯ ಮೂಲೆಗೆ ಮತ್ತೆ ಅದೇ ನಂಬರು. ಒಟ್ಟು ಅರವತ್ತು ಹಾಳೆ.

ಆಮೇಲೆ ಕಾಯುವುದು. ಕಾಯುವುದರಲ್ಲಿ ಮಾಯಮ್ಮನನ್ನು ಮೀರಿಸುವವರು ಆ ಕೋಠಿಯಲ್ಲಿರಲಿಲ್ಲ. ದಿನಾ ಬಾಗಿಲ ಚೀಟಿಯನ್ನು ದಾಟಿ ಒಳಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಎಂಟನೆಯ ದಿನ ಬೆಳಿಗ್ಗೆ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬದುಕಿದ ಮೊಟ್ಟೆಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ಕಾಣಿಸುತ್ತದೆ, ಅದು ಹುಳುವಿನ ತಲೆ. ಸತ್ತ ಮೊಟ್ಟೆ ಹಳದಿಯಾಗಿಯೇ ಉಳಿದು ನಡುವೆ ಗುಳಿ ಬೀಳುತ್ತದೆ. ಮೊದಲ ದಿನದ ಮೂವತ್ತರಲ್ಲಿ ಎಂಟು ಹಾಳೆ ಗುಳಿ ಬಿದ್ದಿತ್ತು. ಅವುಗಳ ಮೂಲೆಯ ನಂಬರು ಓದಿಕೊಂಡಳು. ಎರಡನೆಯ ದಿನದ ಮೂವತ್ತನ್ನು ಮಾರನೆಯ ಬೆಳಿಗ್ಗೆ ನೋಡಿದಳು. ಅಲ್ಲೂ ಎಂಟು. ನಂಬರು ಒಂದೊಂದಾಗಿ ತಾಳೆ ನೋಡಿದಳು. ನಾಲ್ಕು, ಒಂಬತ್ತು, ಹನ್ನೊಂದು. ಅವೇ ಎಂಟು ನಂಬರು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಹದಿನಾರು ತಾಯಂದಿರು, ಎಂಟು ಗಂಡು.

ಖುಷಿಯಾಗಬೇಕಿತ್ತು. ಅವಳಿಗಾದದ್ದು ಒಂಥರಾ ದಣಿವು. ಹಾಳೆಗಳನ್ನು ನಂಬರಿನಂತೆ ಜೋಡಿ ಜೋಡಿಯಾಗಿ ಜೋಡಿಸಿ, ಕಕ್ಕಸಿನ ಹತ್ತಿರದ ನಲ್ಲಿಯಲ್ಲಿ ಮುಖ ತೊಳೆದು, ಭಾನುಪ್ರಿಯಳನ್ನು ಕರೆದಳು.

ಭಾನುಪ್ರಿಯ ಮೊದಲು ಹಾಳೆಗಳನ್ನು ನೋಡಿದಳು, ಆಮೇಲೆ ಮೂಲೆಯ ಪೆನ್ಸಿಲ್ ನಂಬರುಗಳನ್ನು, ಆಮೇಲೆ ಇಡೀ ಅರವತ್ತನ್ನೂ ಮತ್ತೊಂದು ಸಲ. ಅವಳ ಕಿವಿ ಕೆಂಪಾಯಿತು. “ಮಾಯಕ್ಕ, ನೀವು ಅವತ್ತು ಕೇಳಿದ್ರಲ್ಲ, ಗೂಟ ಎಲ್ಲಿಂದ ಬರತ್ತೆ ಅಂತ. ನಾನು ಎರಡು ರಾತ್ರಿ ಪುಸ್ತಕ ನೋಡಿದೆ. ಬೇಕಾದಷ್ಟು ಪ್ರಾಣಿಗಳಲ್ಲಿ ಅದನ್ನ ಗಂಡೇ ತಂದು ಮೊಟ್ಟೆ ಒಳಗೆ ಬಿಡೋದು. ಸರ್‌ಗೆ ಹೇಳೋಕೆ ನಂಗೆ ಧೈರ್ಯ ಬರ್ಲಿಲ್ಲ.”

“ಈಗ ಬತ್ತದಾ?”

“ಬರತ್ತೆ ಅನ್ಸತ್ತೆ.”

ನಟರಾಜು ಅವರ ಮೇಜಿನ ಮೇಲೆ ಅರವತ್ತು ಹಾಳೆ ಹರಡಲು ಜಾಗ ಸಾಲದೆ ನೆಲದ ಮೇಲೂ ಇಟ್ಟರು. ಅವರು ಒಂದೊಂದನ್ನೂ ಎತ್ತಿ ನೋಡಿದರು. ಸೂಪರಿಂಟೆಂಡೆಂಟ್ ನರಸಯ್ಯನವರು ಏನು ಗದ್ದಲ ಎಂದು ಬಂದು ಬಾಗಿಲಲ್ಲಿ ನಿಂತರು. ಅವರ ಹಿಂದೆ ಬದ್ರುನ್ನೀಸಾ ಇಣುಕಿದಳು.

“ಗಂಡು,” ಎಂದರು ನಟರಾಜು ಕೊನೆಗೆ, ಹಾಳೆಗೆ ಹೇಳುವವರಂತೆ. “ಮೂರು ವರ್ಷದಿಂದ ಅರ್ಧ ಮಾತ್ರ ನೋಡಿದ್ದೀವಿ.” ಆಮೇಲೆ ಮುಜುಗರಕ್ಕೋ ಏನೋ ನಕ್ಕು, “ಹಂಗಾದ್ರೆ ಹೆಸ್ರು ತಿರುಗಿಸಿದ್ರಾಯ್ತು. ಷಂಡ ಅಂತ ಇಟ್ಬುಡೋಣ,” ಎಂದರು.

ಬದ್ರುನ್ನೀಸಾ ಕಿಸಕ್ಕೆಂದಳು.

“ಅದೂ ಬ್ಯಾಡ ಸಾ,” ಎಂದಳು ಮಾಯಮ್ಮ. “ಆ ಹೆಸ್ರು ಹೊತ್ತೋರೂ ಊರಲ್ಲವ್ರೆ. ಅವರ್ನೂ ಯಾರೂ ಪರೀಕ್ಷೆ ಮಾಡಿಲ್ಲ.”

ನಟರಾಜು ನಗು ನಿಲ್ಲಿಸಿದರು.

ನರಸಯ್ಯನವರಿಗೆ ಹೆಸರಿನ ಚಿಂತೆ ಇರಲಿಲ್ಲ. ನಿವೃತ್ತಿಗೆ ಹದಿನಾಲ್ಕು ತಿಂಗಳಿದ್ದ ಮನುಷ್ಯ. ತಳಿ ಕೋಣೆಯ ನಿಯಮ ಮುರಿದದ್ದು ಮೇಲಿನ ಕಚೇರಿಗೆ ಗೊತ್ತಾದರೆ ತಮ್ಮ ಕಾಗದಪತ್ರಕ್ಕೆ ತೊಡಕಾದೀತೆಂಬುದು ಅವರ ಭಯ. ಆದರೆ ಕೆಟ್ಟವರಲ್ಲ. ಮಾಯಮ್ಮನನ್ನು ತಮ್ಮ ಮೇಜಿಗೆ ಕರೆದು ಕುರ್ಚಿ ಕೊಟ್ಟು, ಬಿಳಿ ಹಾಳೆ ಮುಂದಿಟ್ಟರು.

“ನೋಡಮ್ಮ, ಕಂಟ್ರಾಕ್ಟ್ರಿಗೆ ನಾನು ಹೇಳ್ಕೋತೀನಿ. ನೀನು ಎರಡು ಸಾಲು ಬರ್ಕೊಡು ಸಾಕು. ಎಸೀಬೇಕಾದ ಗಂಡು ಕೈತಪ್ಪಿ ಉಳ್ಕೊಂಡ್ವು, ಗೊತ್ತಿಲ್ದೆ ಮಾರನೇ ದಿನದ್ರ ಜೊತೆ ಸೇರ್ಕೊಂಡ್ವು, ಇನ್ನು ಮುಂದೆ ಹಿಂಗೆ ಮಾಡಲ್ಲ, ಕ್ಷಮಿಸಬೇಕು. ಅಷ್ಟೇ. ನಿನ್ನ ಕೆಲಸಕ್ಕೆ ಏನೂ ಆಗಲ್ಲ.”

ಮಾಯಮ್ಮ ನಟರಾಜು ಅವರ ಕಡೆ ತಿರುಗಿದಳು. “ಹಂಗೆ ಬರ್ದ್ರೆ ಆ ಹಾಳೆ ಲೆಕ್ಕಕ್ಕೆ ಬತ್ತವಾ ಸಾ?”

ನಟರಾಜು ಕಿಟಕಿಯ ಕಡೆ ನೋಡಿದರು. “ಕೈತಪ್ಪಿ ಬೆರೆತದ್ದು ಅಂದ್ರೆ ಯಾವ ಗಂಡು ಯಾವ್ದು ಅಂತ ಯಾರು ಹೇಳ್ತಾರೆ? ಬರಲ್ಲ.”

“ಶುಕ್ರವಾರಕ್ಕೆ ಏನು ಹೋಯ್ತದೆ?”

“ಮತ್ತೆ ಮೊದಲಿಂದ ಮಾಡೋಕೆ ಟೈಮಿಲ್ಲ. ಬೇರೆ ದೇಶದೋರೂ ಇದೇ ಕೆಲಸದಲ್ಲವ್ರೆ, ಅವರು ಮೊದಲು ಬರೆದ್ರೆ ನಮಗೇನೂ ಉಳಿಯಲ್ಲ.” ಅವರು ಕಿಟಕಿಯಿಂದ ಕಣ್ಣು ತೆಗೆಯದೆ ಮುಗಿಸಿದರು. “ಇರೋ ಹೆಸ್ರೇ ಹೋಗತ್ತೆ.”

“ತಿಳಿದೇ ಮಾಡಿದ್ದು ಅಂತ ಬರೆದ್ರೆ?”

“ಆಗ ಹಾಳೆ ನಿಲ್ತವೆ,” ಎಂದರು ನರಸಯ್ಯನವರು, ನಟರಾಜು ಅವರಿಗಿಂತ ಮುಂಚೆ. “ನೀನು ನಿಲ್ಲಲ್ಲ. ಯೋಚ್ನೆ ಮಾಡಮ್ಮ. ಈ ವಯಸ್ಸಲ್ಲಿ ಬಟ್ಟೆ ಫ್ಯಾಕ್ಟ್ರಿಯೋರೂ ಸೇರಿಸ್ಕೊಳಲ್ಲ.”

ಮಾಯಮ್ಮ ಪೆನ್ನು ತೆಗೆದುಕೊಂಡಳು. ಹಾಳೆಯನ್ನು ತನಗೆ ಬೇಕಾದಂತೆ ಒಸಿ ಓರೆಯಾಗಿ ತಿರುಗಿಸಿಕೊಂಡಳು. ಅವಳ ಅಕ್ಷರ ದೊಡ್ಡದು, ಬರೆಯುವುದು ನಿಧಾನ. ಒತ್ತಕ್ಷರ ಬಂದಾಗ ಪೆನ್ನೆತ್ತಿ ಒಂದು ಗಳಿಗೆ ನೋಡಿ ಆಮೇಲೆ ಇಳಿಸುತ್ತಿದ್ದಳು. ಹೊರಗೆ ಹೊಂಗನೂರಿನ ಐದೂವರೆ ಬಸ್ಸು ಬಂದು ನಿಂತಿತು. ಹಾರನ್ ಹೊಡೆಯಿತು. ಏಳು ಜನ ಹೆಂಗಸರು ಹತ್ತಿಕೊಳ್ಳುವಷ್ಟು ಹೊತ್ತು ಕಾದು ಮತ್ತೊಮ್ಮೆ ಹಾರನ್ ಹೊಡೆದು ಹೋಯಿತು. ಅವಳು ತಲೆಯೆತ್ತಲಿಲ್ಲ.

ಮುಗಿಸಿ, ಹಾಳೆಯನ್ನು ನರಸಯ್ಯನವರ ಕಡೆ ತಳ್ಳಿದಳು. ಅವರು ಕನ್ನಡಕ ಏರಿಸಿ ಗಟ್ಟಿಯಾಗಿಯೇ ಓದಿದರು.

“ನಾನು ಮಾಯಮ್ಮ. ತಳಿ ಕೋಣೆಯಲ್ಲಿ ಕೆಲಸ. ಮೂವತ್ತು ಗಂಡು ಚಿಟ್ಟೆಗಳನ್ನು ಎಸೆಯಲಿಲ್ಲ. ಒಂದೊಂದಕ್ಕೂ ನಂಬರು ಹಾಕಿ ಬೇರೆ ಬೇರೆ ಇಟ್ಟೆ. ಮಾರನೇ ದಿನ ಒಂದೊಂದನ್ನೂ ಇನ್ನೊಂದು ಹೆಣ್ಣಿಗೆ ಕೂಡಿಸಿದೆ. ಯಾವುದೂ ಬೆರೆತಿಲ್ಲ. ನಿಯಮ ಗೊತ್ತಿತ್ತು. ಕೈತಪ್ಪಿ ಆದದ್ದಲ್ಲ. ತಿಳಿದೇ ಮಾಡಿದ್ದು. ಕೇಳಿದರೆ ಇನ್ನೊಂದು ಸಲವೂ ಮಾಡಿ ತೋರಿಸುತ್ತೇನೆ.”

“ಕ್ಷಮಿಸಬೇಕು ಅಂತಾದ್ರೂ ಕೊನೇಲಿ ಹಾಕು,” ಎಂದರು ನರಸಯ್ಯನವರು.

“ಅದಕ್ಕೆ ಜಾಗ ಇಲ್ಲ ಸಾ,” ಎಂದಳು ಮಾಯಮ್ಮ. ಹಾಳೆಯ ಕೆಳಗಿನ ಅರ್ಧ ಖಾಲಿಯಿತ್ತು.

ಬಸ್ಸು ಹತ್ತದೆ ಉಳಿದಿದ್ದ ಬದ್ರುನ್ನೀಸಾ ಮುಂದೆ ಬಂದಳು. “ಬೆಂಕಿಪೊಟ್ಟಣ ತಂದ್ಕೊಟ್ಟೋಳು ನಾನು. ನನ್ ಹೆಸ್ರು ಎಲ್ಲೈತೆ?”

“ನೀ ಸುಮ್ಕಿರು. ನಿನ್ ಮಗಳು ಮುನ್ನೀ ಮದ್ವೆ ಐತೆ.”

“ಮದ್ವೆ ಅವಳ್ದು, ಕೈ ನಂದು,” ಎಂದು ಬದ್ರುನ್ನೀಸಾ ಪೆನ್ನು ಕಿತ್ತುಕೊಂಡು ಖಾಲಿ ಜಾಗದಲ್ಲಿ ಬಲಗಡೆಯಿಂದ ಎಡಕ್ಕೆ ಉರ್ದುವಿನಲ್ಲಿ ಹೆಸರು ಬರೆದಳು. ನರಸಯ್ಯನವರು ಹಾಳೆಯನ್ನು ಹಿಂದು ಮುಂದು ತಿರುಗಿಸಿ ನೋಡಿ, ಇದನ್ನು ಯಾರಿಂದ ಓದಿಸಲಿ ಎಂದು ಗೊಣಗಿದರು. ನರಸಯ್ಯನವರ ಕೈಯಿಂದ ನಟರಾಜು ಹಾಳೆ ತೆಗೆದುಕೊಂಡು ಅರವತ್ತು ಹಾಳೆಗಳ ಕಟ್ಟಿನ ಮೇಲಿಟ್ಟು ಪಿನ್ನು ಚುಚ್ಚಿದರು. ಆ ಸಂಜೆ ಇಬ್ಬರು ಹೆಂಗಸರೂ ಚನ್ನಪಟ್ಟಣದ ಕಡೆ ಹೋಗುವ ಸೊಪ್ಪಿನ ಟೆಂಪೊದಲ್ಲಿ ಕೂತು ಹೋದರು. ಪೇಟೆಯಲ್ಲಿ ಇಳಿದು ಮಾಯಮ್ಮ, ಕೋಠಿಯ ಹತ್ತಿರ ನಿಲ್ಲಿಸದ ಹೊಂಗನೂರಿನ ಕೊನೆಯ ಬಸ್ಸು ಹಿಡಿದಳು.

ನರಸಯ್ಯನವರು ಹೆದರಿದಷ್ಟು ಆಗಲಿಲ್ಲ. ಪೂರ್ತಿ ತಪ್ಪಲೂ ಇಲ್ಲ. ಕಂಟ್ರಾಕ್ಟರು ಮಾಯಮ್ಮನನ್ನು ಚಿಟ್ಟೆ ಕೆಲಸದಿಂದ ತೆಗೆದು ತೋಟಕ್ಕೆ ಹಾಕಿದ. ಬದ್ರುನ್ನೀಸಾಳ ಸಹಿಯನ್ನು ಯಾರೂ ಓದದೆ ಹೋದದ್ದರಿಂದ ಅವಳು ಇದ್ದಲ್ಲೇ ಉಳಿದಳು. ಹದಿನೆಂಟು ವರ್ಷ ನೆರಳಲ್ಲಿ ಕೂತು ರೆಕ್ಕೆಯ ಧೂಳು ಮೆತ್ತಿಕೊಂಡ ಕೈಗಳಿಗೆ ಈಗ ಕುಡುಗೋಲು ಬಂತು. ಮೊದಲ ದಿನವೇ ಬೊಬ್ಬೆ ಎದ್ದವು. ಜೊತೆಯವರು, “ಮೇಡಮ್ಮೋರು ಸೈಂಟಿಸ್ಟು ಕಣ್ರವ್ವ, ಸೊಪ್ಪು ಸಣ್ಣಕೆ ಕೊಯ್ತಾರೆ,” ಎಂದು ರೇಗಿಸಿದರು. “ನಿಮ್ ಸಾಲಿಗಿಂತ ಮುಂಚೆ ನನ್ ಸಾಲು ಮುಗೀತದೆ ನೋಡ್ತಿರಿ,” ಎಂದಳು. ಮೊದಲ ವಾರ ಅವಳ ಸಾಲು ಹಾಗೆ ಮುಗಿಯಲಿಲ್ಲ. ಎರಡನೆಯ ವಾರ ಮುಗಿಯಿತು.

ಆ ಎರಡನೆಯ ವಾರದ ಒಂದು ಬೆಳಿಗ್ಗೆ ಭಾನುಪ್ರಿಯ ಸಾಲುಗಳ ನಡುವೆ ಸೀರೆ ಎತ್ತಿಕೊಂಡು ಬಂದಳು.

“ಬಾಗಿಲ ಚೀಟಿ ತೆಗೆದೆ ಮಾಯಕ್ಕ. ಶುಕ್ರವಾರ ಕಳಿಸಿದ್ದರಲ್ಲಿ ಹೆಸರಿನ ಜಾಗದಲ್ಲಿ ಬರೀ ನಂಬರು. ಪೂರ್ತಿ ಗೊತ್ತಾದ ಮೇಲೆ ಇಡೋಣ ಅಂದ್ರು ಸರ್. ಕೆಟ್ಟಾಗ ಏನಾಗತ್ತೆ ಅಂತಲ್ಲ, ನೆಟ್ಟಗಿದ್ದಾಗ ಏನು ಮಾಡತ್ತೆ ಅಂತ ನೋಡಿ ಇಡೋಣ ಅಂದ್ರು. ನಿಮ್ಮನ್ನ ಒಂದು ಹೆಸರು ಕೇಳ್ಕೊಂಡು ಬಾ ಅಂದ್ರು.”

“ನಂಗ್ಯಾಕವ್ವ. ಅದೇನು ಮಾಡ್ತದೆ ಅಂತ ನೀವೇ ಇನ್ನೂ ಪೂರ್ತಿ ನೋಡಿಲ್ಲ.” ಮಾಯಮ್ಮ ಕೊಯ್ದ ರೆಂಬೆಯನ್ನು ಕಟ್ಟಿನ ಮೇಲೆ ಹಾಕಿದಳು. “ಬಂದಿದ್ದು ಅಷ್ಟಕ್ಕೇಯಾ?”

ಭಾನುಪ್ರಿಯ ತಡವರಿಸಿದಳು. “ಇಲ್ಲ. ಗಂಡುಗಳೆಲ್ಲ ಸಾಯ್ತವೆ ಮಾಯಕ್ಕ. ಇಷ್ಟು ದಿನ ಎಸೀತಿದ್ವಲ್ಲ, ಹೆಂಗೆ ಬಿಡಿಸಿದ್ರೂ ನಡೀತಿತ್ತು. ಈಗ ಒಂದೊಂದು ಗಂಡೂ ಮೂರು ದಿನ ಬದುಕಬೇಕು. ನಾನು ಬಿಡಿಸಿದ್ರೆ ಹಿಂಭಾಗ ಹರಿದೋಗತ್ತೆ. ಬದ್ರಕ್ಕ ಬಿಡಿಸಿದ್ರೂ ಅರ್ಧ ಸಾಯ್ತವೆ. ನೀವು ಬಿಡಿಸಿದ ಮೂವತ್ತರಲ್ಲಿ ಒಂದೂ ಸತ್ತಿರಲಿಲ್ಲ.”

ಮಾಯಮ್ಮ ಕುಡುಗೋಲನ್ನು ನೆಲಕ್ಕಿಟ್ಟಳು. ಅವಳ ಕೈಗಳು ಸೊಪ್ಪಿನ ಹಾಲು ಮೆತ್ತಿ ಅಂಟಂಟಾಗಿದ್ದವು. ಆ ಕೈಯಲ್ಲಿ ಇನ್ನು ಚಿಟ್ಟೆ ಮುಟ್ಟುವಂತಿಲ್ಲ. ಗಿಡದಿಂದ ಎರಡು ಎಳೆಯ ಎಲೆ ಕಿತ್ತು, ಎರಡರ ತೊಟ್ಟನ್ನೂ ತುದಿಗೆ ತುದಿ ಸೇರಿಸಿ, ಬೆರಳ ನಡುವೆ ಹಿಡಿದಳು. ಹಾಲಿನ ಅಂಟಿಗೆ ಅವು ಕೂಡಿ ನಿಂತವು.

“ಎಳೀಬಾರ್ದು,” ಎಂದಳು. “ಎಳೆದ್ರೆ ಹರೀತದೆ. ಹೆಣ್ಣ ಹಿಂಗೆ ಅಲ್ಲಾಡ್ದಂಗೆ ಹಿಡ್ಕೋ. ಗಂಡ ಒಸಿ ಪಕ್ಕಕ್ಕೆ ತಿರುಗ್ಸು. ಅದೇ ಬುಡ್ತದೆ. ಬುಡೋಗಂಟ ಕಾಯ್ಬೇಕು.”

ಭಾನುಪ್ರಿಯ ಕೈಯಲ್ಲಿದ್ದ ಟಿಪ್ಪಣಿ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತಾನೂ ಎರಡು ಎಲೆ ಕಿತ್ತಳು. ಹೆದ್ದಾರಿಯ ಕಡೆಯಿಂದ ಲಾರಿಗಳ ಸದ್ದು ಬರುತ್ತಿತ್ತು. ಸಾಲಿನ ನಡುವೆ ಇಬ್ಬರೂ ಬಗ್ಗಿ ನಿಂತರು. ಮಾಯಮ್ಮನ ಬೆರಳು ಒಂಚೂರು ತಿರುಗಿತು, ನಿಂತಿತು. ಎಲೆಗಳು ಬಿಟ್ಟುಕೊಳ್ಳುವವರೆಗೆ ಅವಳು ಅಲುಗಾಡಲಿಲ್ಲ.